ಕೋಟೆ ಗೋಡೆ ಮೇಲೆ ಯಾರನ್ನು ನಿಲ್ಲಿಸೋದು?

ನಮ್ಮೂರ ಕಟ್ಟೆ ಮೇಲೆ ಕೂತು ಫ್ರೀ ಫೈರ್ ಆಡುವ ಹುಡುಗರನ್ನು ನೋಡಿದಾಗೆಲ್ಲ ನನಗೆ ರಾಯಚೂರಿನ ಬಾಡಿಗೆ ರೂಮು ನೆನಪಾಗುತ್ತದೆ. ನಾನು ಪತ್ರಿಕೋದ್ಯಮ ಓದುತ್ತಿದ್ದೆ. ಜೊತೆಗಿದ್ದ ಇಬ್ಬರು ಬಿಸಿಎ, ಒಬ್ಬ ದೇವದುರ್ಗದವನು, ಇನ್ನೊಬ್ಬ ಮಾನ್ವಿಯವನು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಇಬ್ಬರೂ ಸೇರಿ ಬಂದೂಕಿನ ಆಟ ಮಾಡಲು ಹೊರಟರು.

ಇದ್ದದ್ದು ಒಂದೇ ಹಳೆ ಲ್ಯಾಪ್‌ಟಾಪ್. ಬೇಸಿಗೆಯಲ್ಲಿ ಅದು ಕಾದ ಹಂಚಾಗುತ್ತಿತ್ತು. ಎರಡು ಇಟ್ಟಿಗೆ ಮೇಲೆ ಇಟ್ಟು, ಫ್ಯಾನನ್ನು ಅದರ ಕಡೆ ತಿರುಗಿಸಿ ನಾವು ಬೆವರುತ್ತಾ ಕೂರುತ್ತಿದ್ದೆವು. ಗೋಡೋ ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಅದರಲ್ಲೇ ಕೆಲಸ.

ಆಟದ ಬಂದೂಕಿನಿಂದ ಗುಂಡೇ ಹಾರುವುದಿಲ್ಲ ಅಂತ ನನಗೆ ಗೊತ್ತಾಗಿದ್ದು ಆಗಲೇ. ಬಟನ್ ಒತ್ತಿದರೆ ಪರದೆಯ ನಟ್ಟನಡುವಿನಿಂದ ಕಾಣದ ಗೆರೆಯೊಂದು ನೇರ ಹೊರಡುತ್ತದೆ. ಅದು ಮೊದಲು ಯಾರಿಗೆ ತಾಗಿತೋ ಅವರ ಲೆಕ್ಕದಿಂದ ಅಂಕಿ ಕಳೆಯುತ್ತದೆ. ಸೊನ್ನೆಯಾದರೆ ಸತ್ತಂತೆ. ಎರಡು ದಿನ ಆ ಗೆರೆ ನಮ್ಮದೇ ಬಂದೂಕಿಗೆ ತಾಗಿ ನಿಲ್ಲುತ್ತಿತ್ತು, ಯಾರೂ ಸಾಯುತ್ತಿರಲಿಲ್ಲ. ಆಡುವವನಿಗಂತೂ ಮೈಯೇ ಇಲ್ಲ. ಒಂದು ಕ್ಯಾಮೆರಾ, ಅದರ ಮುಂದೆ ಎರಡು ಕೈ, ಅಷ್ಟೇ.

ಕಥೆ ಬರೆಯುವ ಕೆಲಸ ನನ್ನದು. ಊರಲ್ಲೇ ಕೋಟೆ ಇರುವಾಗ ಬೇರೆ ಕಡೆ ಯಾಕೆ ಹೋಗಬೇಕು? 1520ರಲ್ಲಿ ಕೃಷ್ಣದೇವರಾಯ ರಾಯಚೂರಿಗೆ ಮುತ್ತಿಗೆ ಹಾಕಿದ್ದು, ಗೋಡೆ ಮೇಲೆ ಆದಿಲ್‌ಶಾಹಿ ಸೈನಿಕರು, ಕೆಳಗೆ ನಾವು. ಒಂದೇ ರಾತ್ರಿಯಲ್ಲಿ ಬರೆದು ಕೊಟ್ಟೆ. ದೇವದುರ್ಗದವನು ಪುಕ್ಕಟೆ ಸಿಕ್ಕ ಗೊಂಬೆಯೊಂದನ್ನು ಇಳಿಸಿದ. ಗಡ್ಡ, ತಲೆಗೆ ರುಮಾಲು. ಮಾನ್ವಿಯವನು ಒಂದು ವಾರ ಅದು ಗುಂಡು ತಾಗಿ ಬೀಳುವ ಕೋಡ್ ಬರೆದ. ಬೀಳಿಸಿದ, ಎಬ್ಬಿಸಿದ, ಮತ್ತೆ ಬೀಳಿಸಿದ.

ಒಂದು ರಾತ್ರಿ ಸುಮ್ಮನೆ ಕೈ ತೆಗೆದ. "ಇವ ನಮ್ಮಬ್ಬಾನಂಗ ಕಾಣ್ತಾನಲೇ" ಅಂದ.

"ನಮ್ಮಪ್ಪನೂ ರುಮಾಲು ಸುತ್ತತಾನ ತಗೋ" ಅಂತ ದೇವದುರ್ಗದವನು ನಗಿಸಲು ನೋಡಿದ. ಯಾರೂ ನಗಲಿಲ್ಲ.

ನನಗೆ ನಿದ್ದೆ ಬರಲಿಲ್ಲ. ಸುದ್ದಿ ಬರೆಯುವ ಮುಂಚೆ ಕೇಳಿ ತಿಳಿದುಕೊಳ್ಳಬೇಕು ಅಂತ ಕಲಿಯುತ್ತಿದ್ದವನು ನಾನು, ಬರೆದದ್ದು ಶಾಲೆಯ ಪಾಠದ ಅರೆನೆನಪಿನ ಮೇಲೆ. ಆಮೇಲೆ ಪೋರ್ಚುಗೀಸ್ ನೂನಿಜ್ ಬರೆದಿಟ್ಟ ವಿವರ ಓದಿದೆ. ಆ ಮುತ್ತಿಗೆಯಲ್ಲಿ ಬಂದೂಕು ಹಿಡಿದು ಗೋಡೆ ಮೇಲಿನವರನ್ನು ಗುರಿಯಿಟ್ಟು ಹೊಡೆದವರು ರಾಯನ ಕಡೆಗಿದ್ದ ಪೋರ್ಚುಗೀಸರು, ಕ್ರಿಸ್ಟೊವಾವೊ ಡಿ ಫಿಗೇರೆದೊ ಮತ್ತವನ ಜನ. ವಿಜಯನಗರದ ಸೈನ್ಯದಲ್ಲಿ ಮುಸ್ಲಿಂ ಸೈನಿಕರೂ ಇದ್ದರು. ನಾನು ಬರೆದಷ್ಟು ಸಲೀಸಾಗಿ ಅವರು-ನಾವು ಅಂತ ಆ ಯುದ್ಧ ಎರಡು ಪಾಲಾಗಿರಲಿಲ್ಲ.

ತಪ್ಪಾಯ್ತು ಅಂತ ಹೇಳಿದೆ. ಅವನು "ಇರ್ಲಿ ಬಿಡಲೇ" ಅಂದ.

ಮರುದಿನ ಮೂವರೂ ಕೋಟೆಗೆ ಹೋದೆವು. ಒಳಗೋಡೆಯ ಕಲ್ಲುಗಳನ್ನು ಗಾರೆಯಿಲ್ಲದೆ ಜೋಡಿಸಿದ್ದಾರೆ. 1294ರ ಶಾಸನವಿರುವ ಒಂದು ಕಲ್ಲಂತೂ 41 ಅಡಿ ಉದ್ದ. ಅಂಥ ಬಂಡೆಯನ್ನು ಬಂಡಿ ಮೇಲೆ ಕೋಣ ಕಟ್ಟಿ ಎಳೆದು ತರುವ ಚಿತ್ರವನ್ನೂ ಗೋಡೆಯಲ್ಲೇ ಕೊರೆದಿದ್ದಾರೆ. ಮೊಬೈಲಿನಲ್ಲಿ ಫೋಟೋ ತೆಗೆದು ಆಟದ ಗೋಡೆಗೆ ಅದೇ ಕಲ್ಲು ಅಂಟಿಸಿದೆವು. ಗೋಡೆ ಮೇಲೆ ಮನುಷ್ಯರ ಬದಲು ಮಣ್ಣಿನ ಗಡಿಗೆ ಇಟ್ಟೆವು. "ಗಡಿಗಿ ಒಡಿಯೋದು ಸಣ್ಣ ಹುಡುಗರ ಆಟ" ಅಂತ ದೇವದುರ್ಗದವನು ಎರಡು ದಿನ ಮುನಿಸಿಕೊಂಡ. ಆಟದ ಮಟ್ಟಿಗೆ ಅವನ ಮಾತು ಸುಳ್ಳಲ್ಲ, ರೋಮಾಂಚನ ಕಡಿಮೆಯಾಗಿದ್ದು ನಿಜ.

ಪರೀಕ್ಷೆಗೆ ಬಂದವರು "ಶತ್ರು ಎಲ್ಲಪ್ಪಾ?" ಅಂತ ಕೇಳಿದರು. "ಟೈಮ್ ಸರ್, 60 ಸೆಕೆಂಡಿನಾಗ 20 ಗಡಿಗಿ" ಅಂದ ಮಾನ್ವಿಯವನು. ಇಬ್ಬರೂ ಪಾಸಾದರು.

ಆ ರಜೆಯಲ್ಲಿ ಮಾನ್ವಿಗೆ ಹೋಗಿದ್ದೆವು. ಅಬ್ಬಾ ರುಮಾಲು ಸರಿಮಾಡಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತರು. ಮೊದಲು ಬರೀ ಆಕಾಶಕ್ಕೆ ಹೊಡೆದರು. ಆಮೇಲೆ ಮೂರು ಗಡಿಗೆ ಒಡೆದವು.

"ಇದರಾಗ ನಾ ಎಲ್ಲಿ ಅದೀನಪಾ? ಬರೀ ಕೈ ಕಾಣ್ತಾವ."

"ಆಡೋರು ಕಾಣಂಗಿಲ್ಲಬ್ಬಾ" ಅಂದ ಮಗ.

ಕರೆಂಟು ಹೋದರೂ ಬ್ಯಾಟರಿ ಮುಗಿಯುವವರೆಗೆ ಅವರು ಏಳಲಿಲ್ಲ.