ಮುಚ್ಚಿಟ್ಟ ತೊಡೆನೋವು

ಮದ್ಯಮಾಂಸಗಳ ಸೋಂಕಿಲ್ಲದ ಮನೆತನ ನಮ್ಮದು. ಆದುದರಿಂದ ನಿವೃತ್ತಿಯ ಮರುವರ್ಷ ನನ್ನ ರಕ್ತಪರೀಕ್ಷೆಯ ವರದಿಯಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬಿನಂಶ 720 ಎಂದು ಕಂಡಾಗ, ಅದು ಬೇರೆ ಯಾರದೋ ಕಾಗದವಿರಬೇಕೆಂದು ಭಾವಿಸಿದೆನು. ನೂರು ಮಿಲಿಲೀಟರ್ ರಕ್ತದಲ್ಲಿ 150 ಮಿಲಿಗ್ರಾಮಿಗಿಂತ ಕಡಿಮೆ ಇರಬೇಕಾದುದದು!

ವೈದ್ಯರು ತುಪ್ಪದ ವಿಚಾರ ಕೇಳಲಿಲ್ಲ. ಚಹಾದ ಲೆಕ್ಕ ಕೇಳಿದರು. ದಿನಕ್ಕೆ ಆರು ಕಪ್ಪು, ಕಪ್ಪಿಗೆ ಎರಡು ಚಮಚ ಸಕ್ಕರೆ. ಮೇಲೆ ಕರೆದವರ ಮನೆಯ ಹೋಳಿಗೆ, ಗೋದಿ ಹುಗ್ಗಿ. ಮಿಕ್ಕ ಸಕ್ಕರೆಯನ್ನು ಯಕೃತ್ತೇ ಕೊಬ್ಬಾಗಿಸಿ ರಕ್ತಕ್ಕೆ ಬಿಡುತ್ತದೆಯೆಂಬುದು ನನಗೆ ಅಂದು ತಿಳಿಯಿತು. ಮಧುಮೇಹವೂ ಅದೇ ದಿನ ಪತ್ತೆಯಾಯಿತು. ಈ ಪ್ರಮಾಣ 500 ದಾಟಿದರೆ ಮೇದೋಜೀರಕ ಗ್ರಂಥಿಗೆ ಉರಿಯೂತ ಬರಬಹುದು, 1000 ದಾಟಿದರೆ ಆ ಭಯ ಇನ್ನೂ ಹೆಚ್ಚು ಎಂದು ತಿಳಿಸಿ ಫೆನೋಫೈಬ್ರೇಟ್ ಗುಳಿಗೆ ಬರೆದುಕೊಟ್ಟರು. ಅದು ರಕ್ತದಲ್ಲಿನ ಈ ಕೊಬ್ಬು ಬೇಗನೆ ಕರಗುವಂತೆ ಮಾಡುತ್ತದೆ.

ತಪ್ಪು ನಡೆದುದು ನನ್ನಿಂದ. ಬೇರೊಬ್ಬ ವೈದ್ಯರು ಕೊಲೆಸ್ಟರಾಲಿಗೆಂದು ಹಿಂದೆಯೇ ಕೊಟ್ಟ ಅಟೋರ್ವಾಸ್ಟಾಟಿನ್ ಗುಳಿಗೆಯನ್ನೂ ನಾನು ಸೇವಿಸುತ್ತಿದ್ದೆನು. ಅದನ್ನು ಇವರಿಗೆ ಹೇಳಲಿಲ್ಲ. ಎರಡು ತಿಂಗಳಲ್ಲಿ ತೊಡೆಗಳು ನೋಯತೊಡಗಿದವು. ವಯಸ್ಸಿನ ನೋವೆಂದು ಎಣ್ಣೆ ತಿಕ್ಕಿ ಸುಮ್ಮನಾದೆನು. ಮೂತ್ರದ ಬಣ್ಣ ಕಪ್ಪಿಟ್ಟುದನ್ನೂ ಯಾರಿಗೂ ಹೇಳಲಿಲ್ಲ. ಒಂದು ರಾತ್ರಿ ಊಟ ಮುಗಿಸಿ ನೆಲದಿಂದ ಏಳಲಾರದೆ ಗೋಡೆ ಹಿಡಿದಾಗ ಶ್ರೀಮತಿ, "ಇದೇನ್ರೀ, ಎಷ್ಟು ದಿನದಿಂದ ಹಿಂಗ?" ಎಂದಳು. ಮರುದಿನ ಬೆಳಿಗ್ಗೆ ಮನೆಯಲ್ಲಿದ್ದ ಗುಳಿಗೆಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ನನ್ನನ್ನು ವೈದ್ಯರಲ್ಲಿಗೆ ಕರೆದೊಯ್ದಳು.

ಸ್ನಾಯುಗಳು ಸವೆದು ರಕ್ತಕ್ಕೆ ಸೇರುತ್ತಿದ್ದವು. ಮೂತ್ರಪಿಂಡಗಳು ಆ ಭಾರ ಹೊರಬೇಕಾಗಿದ್ದಿತು. ಎರಡೂ ಗುಳಿಗೆಗಳನ್ನು ನಿಲ್ಲಿಸಿ ನಾಲ್ಕು ದಿನ ಸಲೈನ್ ಕೊಟ್ಟರು. ಈ ಎರಡನ್ನು ಜೊತೆಯಾಗಿ ಕೊಡುವುದುಂಟು. ಆದರೆ ಮೂತ್ರಪಿಂಡದ ಶಕ್ತಿ ನೋಡಿ, ಕಾವಲಿಟ್ಟು. ಇದೇ ಬಳಗದ ಜೆಮ್‌ಫೈಬ್ರೋಜಿಲ್ ಆಗಿದ್ದರೆ ಅಪಾಯ ಇನ್ನೂ ಹೆಚ್ಚಿತ್ತಂತೆ. ಹೊಟ್ಟೆನೋವು, ಪಿತ್ತಕೋಶದ ಕಲ್ಲು, ಯಕೃತ್ತಿನ ಪರೀಕ್ಷೆಯಲ್ಲಿ ಏರುಪೇರು, ಇವೂ ಕೆಲವರಿಗೆ ಬರುತ್ತವೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರು ಅದನ್ನು ಮೊದಲೇ ತಿಳಿಸಬೇಕು.

ಆರು ತಿಂಗಳ ಬಳಿಕ, ಸಕ್ಕರೆ ಬಿಟ್ಟು ನಿತ್ಯ ನಡೆದು, ಗುಳಿಗೆಯಿಲ್ಲದೆಯೇ ಅಂಕಿ 260ಕ್ಕೆ ಇಳಿಯಿತು. ಹಾಗಾದರೆ ಹೃದಯಕ್ಕಾಗಿಯಾದರೂ ಫೆನೋಫೈಬ್ರೇಟ್ ಬೇಡವೇ ಎಂದು ಕೇಳಿದೆನು. 2010ರಲ್ಲಿ ಪ್ರಕಟವಾದ ಅಕಾರ್ಡ್ ಅಧ್ಯಯನದಲ್ಲಿ 5,518 ಮಧುಮೇಹಿಗಳಿಗೆ ಸ್ಟಾಟಿನ್ ಜೊತೆ ಇದನ್ನು ಸೇರಿಸಿ ಕೊಟ್ಟು ನೋಡಿದರೂ ಒಟ್ಟಾರೆ ಹೃದಯಾಘಾತ, ಪಾರ್ಶ್ವವಾಯುಗಳು ಕಡಿಮೆಯಾಗಲಿಲ್ಲವೆಂದು ವೈದ್ಯರು ಹೇಳಿದರು. ಆದರೆ ಮಧುಮೇಹದಿಂದ ಕಣ್ಣಿನ ಅಕ್ಷಿಪಟಲಕ್ಕೆ ಆಗುವ ಹಾನಿಯನ್ನು ಅದು ನಿಧಾನಗೊಳಿಸಿತೆಂದು 2024ರಲ್ಲಿ ಸ್ಕಾಟ್ಲೆಂಡಿನ ಅಧ್ಯಯನವೊಂದು ತೋರಿಸಿದೆ. ನನ್ನ ಕಣ್ಣುಗಳು ಸದ್ಯಕ್ಕೆ ಚೆನ್ನಾಗಿವೆ. ಸ್ಟಾಟಿನ್ ಒಂದನ್ನೇ, ಕಡಿಮೆ ಪ್ರಮಾಣದಲ್ಲಿ, ಮತ್ತೆ ಆರಂಭಿಸಿದ್ದಾರೆ.

ಆ ಚೀಲ ಈಗ ಬಾಗಿಲ ಪಕ್ಕದ ಮೊಳೆಯಲ್ಲಿ ತೂಗುತ್ತಿದೆ. ಹಲ್ಲಿನ ವೈದ್ಯರಲ್ಲಿಗೆ ಹೊರಟರೂ ಶ್ರೀಮತಿ ಅದನ್ನು ನನ್ನ ಕೈಗೆ ಕೊಡುತ್ತಾಳೆ.