ಎರ್ಹಾಯ್ ದಂಡೆಯ ತೊಟ್ಟಿಮನೆ

ಚೀನಾದ ಯುನ್ನಾನ್ ಪ್ರಾಂತ್ಯದ ದಾಲಿಯನ್ನು ನಾನು ಮೊದಲು ನೋಡಿದ್ದು 1995ರಲ್ಲಿ, ಬೀಜಿಂಗಿನಲ್ಲಿ ಚೀನೀ ಭಾಷೆ ಕಲಿಯುತ್ತಿದ್ದಾಗ. ಕುನ್‌ಮಿಂಗ್‌ನಿಂದ ಅಲ್ಲಿಗೆ ಆಗಿನ್ನೂ ರೈಲಿರಲಿಲ್ಲ. ಜಪಾನಿನೊಂದಿಗೆ ಯುದ್ಧ ನಡೆದಿದ್ದಾಗ ಹಳ್ಳಿಯ ಮುದುಕರು, ಹೆಂಗಸರು, ಮಕ್ಕಳು ಕೈಯಿಂದಲೇ ಕಲ್ಲು ಒಡೆದು ಹಾಸಿದ ಬರ್ಮಾ ರಸ್ತೆಯ ಜಾಡಿನಲ್ಲೇ ಸ್ಲೀಪರ್ ಬಸ್ಸು ರಾತ್ರಿಯಿಡೀ ಬೆಟ್ಟ ಸುತ್ತುತ್ತಿತ್ತು. ಬೆಳಗಿನ ಜಾವ ದಾಲಿಯ ಶ್ಯಾಗ್ವಾನ್‌ನಲ್ಲಿ ಇಳಿದಾಗ ಗಾಳಿಗೆ ನೆಟ್ಟಗೆ ನಿಲ್ಲಲಾಗಲಿಲ್ಲ. ಬೆಟ್ಟಸಾಲು ಸೀಳಿದ ಕಡೆಯಿಂದ ನುಗ್ಗುವ ಆ ಗಾಳಿಗೆ ಇಡೀ ಚೀನಾದಲ್ಲಿ ಹೆಸರಿದೆ.

ನನ್ನನ್ನು ಅಲ್ಲಿಗೆ ಎಳೆದದ್ದು ಕಲ್ಲುಗಳು. 937ರಿಂದ 1253ರಲ್ಲಿ ಕುಬ್ಲಾಯ್ ಖಾನನ ಸೈನ್ಯ ಬರುವವರೆಗೆ ದಾಲಿ ಒಂದು ಸ್ವತಂತ್ರ ರಾಜ್ಯದ ರಾಜಧಾನಿ. ಅಲ್ಲಿನ ಹಲವು ದೊರೆಗಳು ಪಟ್ಟ ಬಿಟ್ಟು ಭಿಕ್ಷುಗಳಾದವರು. ಭಾರತದ ತಾಂತ್ರಿಕ ಬೌದ್ಧಧರ್ಮ ಅಲ್ಲಿ ಬೇರೂರಿತ್ತು, ಆ ಪಂಥದ ಗುರುಗಳನ್ನು ಆಚಾರ್ಯರೆಂದೇ ಕರೆಯುತ್ತಿದ್ದರು. ಸತ್ತವರ ಸದ್ಗತಿಗಾಗಿ ಸಂಸ್ಕೃತ ಧಾರಣಿಗಳನ್ನು ಕೊರೆಸಿದ ಶಾಸನಗಳು ಈಗಲೂ ಉಳಿದಿವೆ. ಅವನ್ನು ಕಂಡ ಸಂತೋಷ ಬೇರೆಯೇ ಬರಹಕ್ಕೆ ಸೇರಿದ್ದು. ಅಲ್ಲಿಗೆ ಮತ್ತೆ ಮತ್ತೆ ಕರೆಸಿಕೊಂಡದ್ದು ಒಂದು ಮನೆ.

ದಾಲಿಯ ನೆಲ ಹೇಗಿದೆ ಎಂಬುದನ್ನು ಮೊದಲು ಹೇಳಬೇಕು. ಪಶ್ಚಿಮಕ್ಕೆ 19 ಶಿಖರಗಳ ತ್ಸಾಂಗ್‌ಶಾನ್, ಅತಿ ಎತ್ತರದ್ದು 4,122 ಮೀಟರ್. ಪೂರ್ವಕ್ಕೆ ಸುಮಾರು 250 ಚದರ ಕಿಲೋಮೀಟರ್ ಹರಡಿದ ಎರ್ಹಾಯ್ ಸರೋವರ. ನಡುವೆ ಕೆಲವೇ ಕಿಲೋಮೀಟರ್ ಅಗಲದ ಇಳಿಜಾರು, ಅದರಲ್ಲೇ ಹಳೆಯ ಪಟ್ಟಣ, ಹಳ್ಳಿಗಳು, ಗದ್ದೆಗಳು. ಶಿಖರಗಳ ಸಂದಿನಿಂದ 18 ತೊರೆಗಳು ಇಳಿದು, ಪಟ್ಟಣದ ಬೀದಿ ಬದಿಯ ಕಲ್ಲಿನ ಕಾಲುವೆಗಳಿಗೂ ಗದ್ದೆಗಳಿಗೂ ನೀರುಣಿಸಿ ಸರೋವರ ಸೇರುತ್ತವೆ. ಮೇಲೆ ಯಾರು ಏನು ಚೆಲ್ಲಿದರೂ ಅದು ಕೊನೆಗೆ ಎರ್ಹಾಯ್‌ಗೇ.

1995ರಲ್ಲಿ ಹಳೆಯ ಪಟ್ಟಣದ ಹುಗ್ವೊ ರಸ್ತೆಯಲ್ಲಿ ಬಾಳೆಹಣ್ಣಿನ ದೋಸೆ, ಕಾಫಿ ಮಾರುವ ಪುಟ್ಟ ಹೋಟೆಲುಗಳಿದ್ದವು, ಬೆನ್ನಿಗೆ ಚೀಲ ಹೊತ್ತ ವಿದೇಶಿ ಹುಡುಗರು ವಾರಗಟ್ಟಲೆ ಅಲ್ಲೇ ಬಿದ್ದಿರುತ್ತಿದ್ದರು. ನಾನು ಬಾಡಿಗೆ ಸೈಕಲ್ಲು ಹಿಡಿದು ಭತ್ತದ ಗದ್ದೆಗಳ ನಡುವೆ ಸರೋವರದ ಕಡೆ ಇಳಿದೆ. ದಂಡೆಯ ಹಳ್ಳಿಯೊಂದರಲ್ಲಿ ಮಳೆ ಹಿಡಿಯಿತು. ಬಲೆ ಒಳಗೆಳೆದುಕೊಳ್ಳುತ್ತಿದ್ದ ಹೆಂಗಸೊಬ್ಬರು, "ಬಾ ಮಗಾ, ಒಳಗೆ ಬಾ," ಎಂದು ಕರೆದರು. ಅಲ್ಲಿನ ರೂಢಿಯಂತೆ ನಾನು ಅವರನ್ನು ಆಯಿ ಎಂದೆ. ಇವತ್ತಿಗೂ ಹಾಗೆಯೇ ಕರೆಯುತ್ತೇನೆ.

ಅವರು ಬಾಯ್ ಜನಾಂಗದವರು, ಬಾಯ್ ಜನರ ಮನೆ ಎಂದರೆ ತೊಟ್ಟಿಮನೆ. ಅಂಗಳದ ಮೂರು ಕಡೆ ಕೋಣೆಗಳ ಸಾಲು, ನಾಲ್ಕನೆಯ ಕಡೆ ಸುಣ್ಣ ಬಳಿದ ಎತ್ತರದ ಒಂಟಿಗೋಡೆ. ಗಾಳಿಯ ಕಾಟಕ್ಕೆ ಮನೆಗಳೆಲ್ಲ ಬೆಟ್ಟಕ್ಕೆ ಬೆನ್ನು ಹಾಕಿ ಪೂರ್ವಕ್ಕೆ ಮುಖ ಮಾಡಿ ಕೂತಿರುತ್ತವೆ, ಹಾಗಾಗಿ ಮಧ್ಯಾಹ್ನ ದಾಟಿದರೆ ಒಳಗೆ ಮಬ್ಬು. ಪಶ್ಚಿಮಕ್ಕೆ ವಾಲಿದ ಸೂರ್ಯನ ಬೆಳಕು ಆ ಬಿಳಿ ಗೋಡೆಗೆ ಬಿದ್ದು, ಅಲ್ಲಿಂದ ತಿರುಗಿ ನಡುಮನೆ ಬೆಳಗುತ್ತದೆ. ಮಳೆ ಬಿಟ್ಟ ಮೇಲೆ ಅದನ್ನು ನಾನು ಕಣ್ಣಾರೆ ಕಂಡೆ. ಮಾಂಸ ತಿನ್ನದ ನನಗೆ ಆಯಿ ಹಾಲನ್ನು ಹುಳಿನೀರಿನಿಂದ ಒಡೆದು, ಹಾಳೆಯಂತೆ ಎಳೆದು, ಬಿದಿರಿಗೆ ಸುತ್ತಿ ಒಣಗಿಸಿದ ರೂಶಾನನ್ನು ಕೆಂಡದ ಮೇಲೆ ಉಬ್ಬಿಸಿ ಕೊಟ್ಟರು. ಚಿಕ್ಕಂದಿನಲ್ಲಿ ಸರೋವರದ ತುಂಬ ಬಿಳಿ ಹೂವಿನ ನೀರುಗಿಡ ಬೆಳೆಯುತ್ತಿತ್ತು, ಅದರ ದಂಟಿನ ಸಾರಿಗೆ ಸಮನಾದದ್ದಿಲ್ಲ, ಈಗ ಹುಡುಕಿದರೂ ಸಿಗುವುದಿಲ್ಲ ಎಂದರು. ನೀರು ಕೊಳಕಾದರೆ ಮೊದಲು ಸಾಯುವ ಗಿಡ ಅದು. ಮರುವರ್ಷವೇ, 1996ರಲ್ಲಿ, ಎರ್ಹಾಯ್‌ನಲ್ಲಿ ಪಾಚಿ ಉಕ್ಕಿತು. ಎಂಜಿನ್ ಹಾಕಿದ ಮೀನುದೋಣಿಗಳನ್ನೂ ಪಂಜರದ ಮೀನುಸಾಕಣೆಯನ್ನೂ ಸರ್ಕಾರ ನಿಲ್ಲಿಸಿತು. ಆಯಿಯ ಗಂಡನ ಕಸುಬು ಅಲ್ಲಿಗೆ ಅರ್ಧಕ್ಕಿಳಿಯಿತು. ಮನೆ ನಡೆದದ್ದು ಬೆಳ್ಳುಳ್ಳಿಯಿಂದ. ಒಂದೇ ಎಸಳಿನ ಬೆಳ್ಳುಳ್ಳಿಗೆ ಒಳ್ಳೆಯ ಬೆಲೆಯಿತ್ತು, ಗೊಬ್ಬರವನ್ನೂ ಅಷ್ಟೇ ಬೇಡುತ್ತಿತ್ತು.

2015ರಲ್ಲಿ ಹೋದಾಗ ಹಳ್ಳಿಯ ಗುರುತೇ ಸಿಗಲಿಲ್ಲ. ಹೆದ್ದಾರಿ, ರೈಲು, ವಿಮಾನ ಎಲ್ಲ ಬಂದಿದ್ದವು. ಹಿಂದಿನ ವರ್ಷ ತೆರೆಕಂಡ, ದಾಲಿಯಲ್ಲಿ ಚಿತ್ರೀಕರಿಸಿದ ಸಿನಿಮಾವೊಂದು ಗೆದ್ದಿತ್ತು, ಮಹಾನಗರಗಳ ಯುವಜನ ಸರೋವರ ಕಾಣುವ ಕೋಣೆಗಾಗಿ ಮುಗಿಬಿದ್ದಿದ್ದರು. ಪೂರ್ವದಂಡೆಯ ಶ್ವಾಂಗ್‌ಲಾಂಗ್ ಎಂಬ ಬೆಸ್ತರ ಹಳ್ಳಿಯಲ್ಲಿ ನೀರಿನ ಅಂಚಿಗೇ ಗಾಜಿನ ಮಹಡಿಗಳು. ಆಯಿಯ ಮಗ ಮನೆಯನ್ನು ಹೊರಗಿನವರೊಬ್ಬರಿಗೆ ದೀರ್ಘ ಗುತ್ತಿಗೆಗೆ ಕೊಟ್ಟು, ಹಿಂದಿನ ಓಣಿಯಲ್ಲಿ ಎರಡು ಕೋಣೆ ಕಟ್ಟಿಕೊಂಡಿದ್ದ. ಗುತ್ತಿಗೆದಾರರು ಮೊದಲು ಕೆಡವಿದ್ದೇ ಆ ಒಂಟಿಗೋಡೆಯನ್ನು. ಅತಿಥಿಗಳ ಕಣ್ಣಿಗೂ ನೀರಿಗೂ ನಡುವೆ ಅಡ್ಡ ನಿಂತಿದ್ದು ಅದೊಂದೇ. "ಗೋಡೆ ಹೋದ ದಿನ ಇವರು ಊಟ ಮಾಡಲಿಲ್ಲ," ಎಂದು ಆಯಿ ಗಂಡನತ್ತ ಕೈ ತೋರಿದರು. ಮಗ ತಲೆ ತಗ್ಗಿಸಿದ. ಅವನನ್ನು ದೂರಲು ನನಗೆ ಮನಸ್ಸಾಗಲಿಲ್ಲ. ಆ ಬಾಡಿಗೆಯಿಂದ ಅವನ ಮಗಳು ಕುನ್‌ಮಿಂಗ್‌ನಲ್ಲಿ ಓದುತ್ತಿದ್ದಳು.

ಆ ಜನವರಿಯಲ್ಲೇ ಅಧ್ಯಕ್ಷ ಷಿ ಜಿನ್‌ಪಿಂಗ್ ದಂಡೆಯ ಗುಶೆಂಗ್ ಹಳ್ಳಿಗೆ ಬಂದು, ನೀರು ತಿಳಿಯಾಗಬೇಕು ಎಂದು ಹೇಳಿ ಹೋಗಿದ್ದರು. ಆ ಮಾತಿನ ಭಾರ ತಿಳಿದದ್ದು 2017ರ ವಸಂತದಲ್ಲಿ. ಸರೋವರದ ಸುತ್ತಲಿನ ರಕ್ಷಿತ ವಲಯದ ವಸತಿಗೃಹ, ಹೋಟೆಲುಗಳೆಲ್ಲ ಏಪ್ರಿಲ್ 10ರೊಳಗೆ ಬಾಗಿಲು ಹಾಕಬೇಕು ಎಂದು ಮಾರ್ಚ್ 31ರಂದು ಪ್ರಕಟಣೆ ಹೊರಟಿತು. ಹತ್ತು ದಿನ! ಚರಂಡಿನೀರು ಶುದ್ಧಮಾಡುವ ಯಂತ್ರ ಕೂರಿಸಿದ್ದವರಿಗೂ ಅದೇ ಆಜ್ಞೆ, ಪೈಪನ್ನು ನೇರ ಸರೋವರಕ್ಕೆ ಬಿಟ್ಟವರಿಗೂ ಅದೇ. 2018ರಲ್ಲಿ ಬೆಳ್ಳುಳ್ಳಿ ಕೃಷಿಗೂ ನಿಷೇಧ ಬಂತು. ನೀರಿಗೆ ತೀರ ಹತ್ತಿರವಿದ್ದ 1,806 ಕುಟುಂಬಗಳನ್ನು ಎಬ್ಬಿಸಿ ಹೊಸ ಬಡಾವಣೆಗಳಿಗೆ ಕಳಿಸಿದರು. ಆಯಿಯ ಮನೆ ಆ ಗೆರೆಯ ಒಳಗೇ ಇತ್ತು. ಕೆಡವುವ ಯಂತ್ರದ ಫೋಟೊವನ್ನು ಮಗ ವೀಚ್ಯಾಟ್‌ನಲ್ಲಿ ಕಳಿಸಿದ್ದ, ಜೊತೆಗೆ ಒಂದಕ್ಷರವೂ ಬರೆದಿರಲಿಲ್ಲ.

2024ರಲ್ಲಿ ಕುನ್‌ಮಿಂಗ್‌ನಿಂದ ಎರಡು ಗಂಟೆಗೆ ದಾಲಿ ತಲುಪಿದೆ. ಸರೋವರ ಸುತ್ತಿ ಈಗ 129 ಕಿಲೋಮೀಟರ್ ಹಸಿರು ದಾರಿಯಿದೆ, ಸೈಕಲ್ಲಿನವರು, ಮದುವೆಯ ಫೋಟೊಗೆ ನಿಂತವರು. ಮನೆಯಿದ್ದ ಜಾಗದಲ್ಲಿ ಜೊಂಡು. ಆಯಿ ಕೋಲೂರಿಕೊಂಡು ನನ್ನ ಜೊತೆ ಬಂದು, ನೀರಿನ ಮೇಲೆ ತೇಲುತ್ತಿದ್ದ ಬಿಳಿ ಹೂಗಳನ್ನು ತೋರಿಸಿದರು. ಅವರು ಬಾಲ್ಯದಲ್ಲಿ ಉಂಡ ಅದೇ ಗಿಡ. "ಇದು ಬಂತಲ್ಲ, ಅಷ್ಟು ಸಾಕು. ಆದರೆ ನಮ್ಮ ಬೆಳ್ಳುಳ್ಳಿ ಹೊಲದ ಲೆಕ್ಕವನ್ನು ಯಾರು ಕೊಡ್ತಾರೆ, ನೀನೇ ಹೇಳು," ಎಂದರು.

ಆ ಪ್ರಶ್ನೆಯಲ್ಲಿ ನಾನು ಪೂರ್ತಿ ಆಯಿಯ ಪಕ್ಷ. ಎರ್ಹಾಯ್ ಉಳಿಯಬೇಕಿತ್ತು, ಅದಕ್ಕಾಗಿ ಕಟ್ಟುನಿಟ್ಟು ಬೇಕಿತ್ತು, ಇದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ತೊರೆಗಳು ಹೊತ್ತು ತಂದದ್ದು ಮೇಲಿನ ಪಟ್ಟಣದ ಕೊಳೆಯನ್ನೂ ಹೌದು, ಇಳಿಜಾರಿನ ಹೊಲಗಳೆಲ್ಲದರ ಗೊಬ್ಬರವನ್ನೂ ಹೌದು, ದನಕೊಟ್ಟಿಗೆಗಳ ಸಗಣಿಯನ್ನೂ ಹೌದು. ಮನೆ ಬಿಟ್ಟವರು ಮಾತ್ರ ಕೊನೆಯ ಸಾಲಿನಲ್ಲಿದ್ದವರು. ಸರ್ಕಾರ ಮನೆಗೆ ಬೆಲೆ ಕಟ್ಟಿತು. ಮೀನು, ಬೆಳ್ಳುಳ್ಳಿ, ಬಾಡಿಗೆ ಹೀಗೆ ಒಂದರ ಹಿಂದೊಂದು ಕೈಬಿಟ್ಟ ಕಸುಬುಗಳಿಗೂ ಅದೇ ಕಾಗದದಲ್ಲಿ ಬೆಲೆ ಕಟ್ಟಬೇಕಿತ್ತು.

ಮಗನಿಗೆ ಈಗ ದಂಡೆ ಕಾಯುವ ಕೆಲಸ, ತೊರೆ ಸರೋವರ ಸೇರುವಲ್ಲಿ ಕಸ, ಪಾಚಿ ಎತ್ತುವುದು. ಸಂಬಳ ಚಿಕ್ಕದು. ಅವನ ಮಗಳು ಹಳೆಯ ಪಟ್ಟಣದಲ್ಲಿ ಕಾಫಿ ಅಂಗಡಿ ಇಟ್ಟಿದ್ದಾಳೆ, ಲ್ಯಾಪ್‌ಟಾಪ್ ಹಿಡಿದು ಶಾಂಘೈನಿಂದ ಬಂದು ನೆಲೆಸಿದವರೇ ಅವಳ ಗಿರಾಕಿಗಳು. ಬಡಾವಣೆಯ ಹೊಸ ಮನೆಯ ಸಾಲವನ್ನು ತಿಂಗಳು ತಿಂಗಳು ಕಟ್ಟುತ್ತಿರುವವಳು ಅವಳೇ.