ಒಂದು ಆಲ್ಬಮ್ಮು, ಎರಡು ಕಂಪ್ಯೂಟರು

ನಮ್ಮ ಮನೆಯ ಹಳೆಯ ಟ್ರಂಕಿನಲ್ಲಿ ಕಪ್ಪು ಹಾಳೆಗಳ ಮೂರು ಆಲ್ಬಮ್ಮುಗಳಿದ್ದವು. ನಡುನಡುವೆ ಬಟರ್ ಪೇಪರು, ಚಿತ್ರಗಳ ಮೂಲೆಗೆ ಅಂಟಿಸಿದ ತ್ರಿಕೋನ ಚೀಟಿಗಳು. ಅವುಗಳೊಳಗಿನ ಊರು ಈಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಏರಿದಾಗ ಅಮ್ಮನ ತವರುಮನೆ, ಅಂಗಳ, ಅಡಿಕೆ ತೋಟ ಎಲ್ಲವೂ ಮುಳುಗಡೆಯಾದವು. ಗಾಡಿ ಹತ್ತಿ ಸಾಗರದ ಕಡೆ ಬಂದದ್ದು ಒಂದಷ್ಟು ಪಾತ್ರೆ ಪಡಗ, ಜೊತೆಗೆ ಈ ಆಲ್ಬಮ್ಮುಗಳು. ಯಾವ ಚಿತ್ರದ ಹಿಂದೆಯೂ ಹೆಸರು ಬರೆದಿರಲಿಲ್ಲ. ಯಾರು ಯಾರೆಂದು ಹೇಳಬಲ್ಲವಳು ಅಮ್ಮ ಒಬ್ಬಳೇ. ಅವಳಿಗೆ ಎಂಬತ್ತಾರು.

2024ರ ಬೇಸಿಗೆ ರಜೆಯಲ್ಲಿ ಮೈಸೂರಿನ ಹಾಸ್ಟೆಲಿನಿಂದ ಬಂದ ಮಗಳು ಹಟ ಹಿಡಿದು ಎಲ್ಲವನ್ನೂ ಸ್ಕ್ಯಾನ್ ಮಾಡಿದಳು. ಒಟ್ಟು 214 ಚಿತ್ರ. ಅವನ್ನು ಮಹಡಿಯ ಮೇಲಿನ ಡೆಸ್ಕ್‌ಟಾಪಿನಲ್ಲಿ ಲೈಟ್‌ರೂಮ್ ಎಂಬ ತಂತ್ರಾಂಶಕ್ಕೆ ಸೇರಿಸಿದೆವು. ಹಳದಿಯಾದದ್ದನ್ನು ತಿಳಿ ಮಾಡುವುದು, ಗೀರು ಅಳಿಸುವುದು ನನ್ನ ಪಾಲಿಗೆ. ಹೆಸರು ಬರೆಸಿಕೊಳ್ಳುವುದು ಅವಳ ಪಾಲಿಗೆ. ಅಮ್ಮನಿಗೆ ಮಹಡಿ ಹತ್ತಲಾಗದು. ಆದ್ದರಿಂದ ಮಗಳು ಎಲ್ಲವನ್ನೂ ತನ್ನ ಲ್ಯಾಪ್‌ಟಾಪಿಗೂ ನಕಲು ಮಾಡಿಕೊಂಡು ಅಜ್ಜಿಯ ಮಂಚದ ಮೇಲೆ ಕೂತಳು. ದಸರಾ ರಜೆ ಪೂರ್ತಿ ಕೆಳಗಿನಿಂದ ಅಮ್ಮನ ನಗು ಕೇಳುತ್ತಿತ್ತು. ಒಮ್ಮೊಮ್ಮೆ ಒಂದೇ ಚಿತ್ರಕ್ಕೆ ಒಂದು ಗಂಟೆ ಹಿಡಿಯುತ್ತಿತ್ತಂತೆ.

ದೀಪಾವಳಿಗೆ ಮಗಳು ಮತ್ತೆ ಬಂದಾಗ ನಾನೊಂದು ಉಪಕಾರ ಮಾಡಲು ಹೊರಟೆ. ಎರಡು ಕಂಪ್ಯೂಟರಿನಲ್ಲಿ ಎರಡು ಬಗೆ ಇರುವುದು ಬೇಡ, ಎರಡೂ ಒಂದೇ ಆಗಲಿ ಎಂದು ಡೆಸ್ಕ್‌ಟಾಪಿನ ಕ್ಯಾಟಲಾಗ್ ಕಡತವನ್ನು ಪೆನ್‌ಡ್ರೈವಿನಲ್ಲಿ ತಂದು ಲ್ಯಾಪ್‌ಟಾಪಿಗೆ ಹಾಕಿದೆ. ಅದೇ ಹೆಸರಿನ ಕಡತ ಇಲ್ಲಿದೆ, ಅದರ ಜಾಗಕ್ಕೆ ಇದನ್ನು ಹಾಕಲೇ ಎಂದು ಕಂಪ್ಯೂಟರು ಕೇಳಿತು. ದಿನಾಂಕ ನೋಡಿದೆ. ನನ್ನದು ನಿನ್ನೆಯದು, ಅವಳದ್ದು ಎರಡು ವಾರ ಹಳೆಯದು. ಹೊಸದೇ ಒಳ್ಳೆಯದಲ್ಲವೇ? ಒತ್ತಿದೆ.

"ಅಪ್ಪಾ, ಹೆಸರುಗಳೆಲ್ಲಿ?" ಎಂದು ಮಗಳು ಕೇಳಿದ್ದು ಸಂಜೆ, ಹಣತೆ ಹಚ್ಚುವ ಹೊತ್ತಿಗೆ.

ಆಗ ಗೊತ್ತಾಯಿತು, ನಾನು ಆರು ತಿಂಗಳಿಂದ ಬಳಸುತ್ತಿದ್ದ ವಸ್ತುವೇ ನನಗೆ ಅರ್ಥವಾಗಿರಲಿಲ್ಲವೆಂದು. ಲೈಟ್‌ರೂಮ್ ಚಿತ್ರವನ್ನು ತನ್ನ ಹೊಟ್ಟೆಯೊಳಗೆ ಇಟ್ಟುಕೊಳ್ಳುವುದಿಲ್ಲ, ಮೂಲ ಚಿತ್ರವನ್ನು ತಿದ್ದುವುದೂ ಇಲ್ಲ. ಅದರ ಕ್ಯಾಟಲಾಗ್ ಅಂಗಡಿಯ ಖಾತೆ ಪುಸ್ತಕದ ಹಾಗೆ. ಇಂಥ ಚಿತ್ರ ಇಂಥ ಕಡೆ ಇದೆ, ಅದನ್ನು ಇಷ್ಟು ತಿಳಿ ಮಾಡಬೇಕು, ಅದರಲ್ಲಿರುವವರು ಇಂಥವರು ಎಂಬ ನಮೂದುಗಳಷ್ಟೇ ಅದರಲ್ಲಿರುವುದು. ಚಿತ್ರ ಗೋದಾಮಿನಲ್ಲಿ, ಲೆಕ್ಕ ಪುಸ್ತಕದಲ್ಲಿ. ನಾವು ಒಂದೇ ಗೋದಾಮಿಗೆ ಎರಡು ಪುಸ್ತಕ ಇಟ್ಟು, ಒಬ್ಬರು ಒಂದರಲ್ಲಿ ಇನ್ನೊಬ್ಬರು ಇನ್ನೊಂದರಲ್ಲಿ ಬರೆಯುತ್ತಾ ಹೋಗಿದ್ದೆವು. ನನ್ನದರಲ್ಲಿ ಬಣ್ಣ, ಅವಳದ್ದರಲ್ಲಿ ಹೆಸರು. ಯಾವುದೂ ಹಳೆಯದಲ್ಲ, ಯಾವುದೂ ಪೂರ್ಣವಲ್ಲ. ದಿನಾಂಕ ಇದನ್ನು ಹೇಳುವುದಿಲ್ಲ.

ರೀಸೈಕಲ್ ಬಿನ್ ಜಾಲಾಡಿದೆವು. ಒಂದರ ಮೇಲೆ ಇನ್ನೊಂದನ್ನು ಬರೆದ ಕಡತ ಅಲ್ಲಿಗೆ ಹೋಗುವುದಿಲ್ಲ. ಬ್ಯಾಕಪ್? ಮುಚ್ಚುವಾಗ ತಂತ್ರಾಂಶ ವಾರಕ್ಕೊಮ್ಮೆ ಕೇಳಿತ್ತಂತೆ. ಅಜ್ಜಿಗೆ ಊಟದ ಹೊತ್ತಾಯಿತೆಂದು ಇವಳು 'ಈ ಸಲ ಬೇಡ' ಎನ್ನುತ್ತಾ ಬಂದಿದ್ದಳು. ಬೈಯುವ ಯೋಗ್ಯತೆ ನನಗಿರಲಿಲ್ಲ.

ಒಂದು ಪುಣ್ಯ. ಆರಂಭದ ದಿನಗಳಲ್ಲಿ ಅವಳು ಹೆಸರು ಬರೆದ ಮೇಲೆ ಕಂಟ್ರೋಲ್ ಎಸ್ ಒತ್ತುತ್ತಿದ್ದಳು. ಹಾಗೆ ಒತ್ತಿದರೆ ಬರೆದದ್ದು ಖಾತೆ ಪುಸ್ತಕದಲ್ಲಿ ಮಾತ್ರವಲ್ಲ, ಚಿತ್ರದ ಕಡತದೊಳಗೂ ಸೇರುತ್ತದೆ. ಟಿಫ್, ಜೆಪೆಗ್ ಚಿತ್ರಗಳಿಗೆ ಇದು ಸಾಧ್ಯ. ಆ 63 ಚಿತ್ರಗಳ ಹೆಸರನ್ನು ಲ್ಯಾಪ್‌ಟಾಪಿನ ಕಡತಗಳಿಂದಲೇ ಮತ್ತೆ ಓದಿಸಿಕೊಂಡೆವು. ಓದಿಸುವಾಗ ಅವಕ್ಕೆ ನಾನು ಮಾಡಿದ್ದ ಬಣ್ಣದ ಕೆಲಸ ಹಿಂದೆ ಸರಿಯಿತು. ಸರಿಯಲಿ, ಬಣ್ಣ ಮತ್ತೆ ಮಾಡಬಹುದು. ಆಮೇಲಾಮೇಲೆ ಅವಳಿಗೂ ಬೇಸರ ಬಂದು ಒತ್ತುವುದು ಬಿಟ್ಟಿದ್ದಳು.

ಈಗ ನಮ್ಮ ಮನೆಯಲ್ಲಿ ಪುಸ್ತಕ ಒಂದೇ. ಚಿತ್ರಗಳೂ ಕ್ಯಾಟಲಾಗೂ ಜೇಬಿನಲ್ಲಿ ಹಿಡಿಸುವ ಒಂದು ಎಸ್‌ಎಸ್‌ಡಿ ಡಿಸ್ಕಿನಲ್ಲಿವೆ. ಯಾರು ಕೆಲಸ ಮಾಡುತ್ತಾರೋ ಅವರ ಕಂಪ್ಯೂಟರಿಗೆ ಅದು ಹೋಗುತ್ತದೆ. ಎರಡೂ ವಿಂಡೋಸ್ ಯಂತ್ರಗಳಾದ್ದರಿಂದ ಎರಡರಲ್ಲೂ ಅದಕ್ಕೆ ಒಂದೇ ಡ್ರೈವ್ ಅಕ್ಷರ ಕೊಟ್ಟೆವು. ಇಲ್ಲವಾದರೆ ಫೋಲ್ಡರುಗಳ ಮೇಲೆ ಪ್ರಶ್ನಾರ್ಥಕ ಚಿಹ್ನೆ ಬಂದು ಚಿತ್ರಗಳು ಕಾಣೆಯಾದಂತೆ ತೋರುತ್ತದೆ. ಕ್ಯಾಟಲಾಗನ್ನು ಮನೆಯ ನೆಟ್‌ವರ್ಕಿನಲ್ಲಿಟ್ಟು ಇಬ್ಬರೂ ಒಟ್ಟಿಗೆ ತೆರೆಯೋಣವೆಂದರೆ ತಂತ್ರಾಂಶ ಒಪ್ಪುವುದಿಲ್ಲ. ಅದು ಒಂದು ಹೊತ್ತಿಗೆ ಒಬ್ಬರ ಕೈಯಲ್ಲಷ್ಟೇ ಇರಬೇಕಾದ ಪುಸ್ತಕ. ಡಿಸ್ಕು ಕೆಳಗೆ ಬಿದ್ದರೆ ಎಲ್ಲವೂ ಹೋಯಿತಲ್ಲ, ಅದಕ್ಕಾಗಿ ಬ್ಯಾಕಪ್ ಮಾತ್ರ ಡೆಸ್ಕ್‌ಟಾಪಿನಲ್ಲಿ. ಈಗ 'ಈ ಸಲ ಬೇಡ' ಎನ್ನಲು ಇಬ್ಬರಿಗೂ ಧೈರ್ಯವಿಲ್ಲ.

ಡಿಸ್ಕನ್ನು ಮೈಸೂರಿಗೆ ಒಯ್ಯಲು ನನಗೆ ಮನಸ್ಸಾಗದಿದ್ದಾಗ ಮಗಳು ಇನ್ನೊಂದು ದಾರಿ ಹಿಡಿಯುತ್ತಾಳೆ. ತನಗೆ ಬೇಕಾದ ಹತ್ತಿಪ್ಪತ್ತು ಚಿತ್ರಗಳನ್ನಷ್ಟೇ ಬೇರೆ ಕ್ಯಾಟಲಾಗಾಗಿ ಹೊರತೆಗೆದು ಒಯ್ಯುತ್ತಾಳೆ. ಜೊತೆಗೆ ಮೂಲದ ಬದಲು ಸ್ಮಾರ್ಟ್ ಪ್ರಿವ್ಯೂ ಎಂಬ ಸಣ್ಣ ಪ್ರತಿಗಳು. ತಿರುಗಿ ಬಂದಾಗ ಅದನ್ನು ದೊಡ್ಡದಕ್ಕೆ ಸೇರಿಸುತ್ತಾಳೆ. ಇದು ನಾನು ಮಾಡಿದಂಥ ಅಳಿಸಿ ಬರೆಯುವ ಕೆಲಸವಲ್ಲ, ಸೇರಿಸುವ ಕೆಲಸ. ಆದರೂ ಒಂದೇ ಚಿತ್ರವನ್ನು ಇಬ್ಬರೂ ಮುಟ್ಟಿದ್ದರೆ ಯಾರದ್ದು ಮುಂದೆ ನಿಲ್ಲಬೇಕೆಂದು ನಾವೇ ಆರಿಸಬೇಕು. ಹಾಗಾಗಿ ಅವಳು ಒಯ್ದ ಚಿತ್ರಗಳನ್ನು ನಾನು ಮುಟ್ಟುವುದಿಲ್ಲ. ಕಂಪನಿಯ ಕ್ಲೌಡಿನಲ್ಲಿಟ್ಟರೆ ಇಷ್ಟು ರಗಳೆಯಿಲ್ಲ ಎನ್ನುವವರಿದ್ದಾರೆ. ನಿಜವಿರಬಹುದು. ನಮ್ಮ ಊರಿನ ಇಂಟರ್‌ನೆಟ್ಟನ್ನು ಅವರು ಮಳೆಗಾಲದಲ್ಲಿ ಬಂದು ನೋಡಬೇಕು.

ಹೋದ ಹೆಸರುಗಳಿಗಾಗಿ ಮಗಳು ಮತ್ತೆ ಅಜ್ಜಿಯ ಮಂಚದ ಮೇಲೆ ಕೂತಳು. ಅಮ್ಮನಿಗೆ ಮೊದಲ ಸಲದ ಉತ್ಸಾಹವಿರಲಿಲ್ಲ. "ಆವತ್ತೇ ಹೇಳಿದ್ನಲ್ಲ ಪುಟ್ಟಿ" ಎಂದು ಮುಖ ತಿರುಗಿಸುತ್ತಿದ್ದಳು. ಕೆಲವು ಮುಖಗಳನ್ನು ನೋಡಿ ತುಂಬಾ ಹೊತ್ತು ಸುಮ್ಮನಿರುತ್ತಿದ್ದಳು. ಹೊಳೆದಂಡೆಯಲ್ಲಿ ದೋಣಿಯ ಪಕ್ಕ ನಿಂತ ಲಂಗದ ಹುಡುಗಿಯ ಚಿತ್ರ ಬಂತು. ದಸರೆಯಲ್ಲಿ ಅದನ್ನು ತನ್ನ ತಂಗಿ ಎಂದಿದ್ದಳಂತೆ. ಆ ತಂಗಿ ಮದುವೆಗೆ ಮೊದಲೇ ತೀರಿಕೊಂಡವಳು.

"ಇದು ನಾನೇ ಅಲ್ದಾ?" ಎಂದಳು ಅಮ್ಮ.

ಮಗಳು ನನ್ನ ಮುಖ ನೋಡಿದಳು. ನಾನು ಚಿತ್ರ ನೋಡಿದೆ. ಹುಡುಗಿಯ ಮುಖದ ಅರ್ಧಕ್ಕೆ ಬಿಸಿಲು ಬಡಿದು ಬೆಳ್ಳಗಾಗಿತ್ತು. ಎಷ್ಟು ತಿದ್ದಿದರೂ ಅದರಲ್ಲಿ ಇನ್ನೇನೂ ಕಾಣುವಂತಿರಲಿಲ್ಲ. ಮಗಳು ಎರಡೂ ಹೆಸರು ಬರೆದಳು, ಮುಂದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದಳು. ಆಮೇಲೆ ಕಂಟ್ರೋಲ್ ಎಸ್ ಒತ್ತಿದಳು.